ಏಳನೆಯ ಪುಟ

ಹೋದ ವರ್ಷ, ನಾನು ಮೂವತ್ತು ಚಿಲ್ಲರೆ ವರ್ಷ ಪಾಠ ಮಾಡಿದ ಬಸವನಗುಡಿಯ ಕಾಲೇಜಿನಲ್ಲಿ ನನಗೊಂದು ಸನ್ಮಾನ ನಡೆಯಿತು. ಅರ್ಥಶಾಸ್ತ್ರ ವಿಭಾಗದ ಎರಡು ದಿನದ ಸೆಮಿನಾರ್ ಅದು. ಉದ್ಘಾಟನೆಗೆ ನಾಲ್ಕು ಜನ ಹೆಚ್ಚು ಸೇರಲಿ ಎಂದು ನಿವೃತ್ತ ಮೇಷ್ಟ್ರುಗಳಿಗೆ ಶಾಲು ಹೊದಿಸುವ ಕಾರ್ಯಕ್ರಮವನ್ನೂ ಅದರೊಳಗೆ ತುರುಕಿದ್ದರು. ಮೈಸೂರು ಪೇಟ ನನ್ನ ತಲೆಗೆ ದೊಡ್ಡದಾಗಿ ಹುಬ್ಬಿನವರೆಗೆ ಇಳಿಯಿತು. ಅದನ್ನು ಒಂದು ಕೈಯಲ್ಲಿ ಎತ್ತಿ ಹಿಡಿದುಕೊಂಡೇ ನನ್ನ ಬಗ್ಗೆ ಆಡಿದ ಮಾತುಗಳನ್ನು ಕೇಳಿಸಿಕೊಂಡೆ. ಈಗಿನ ವಿಭಾಗದ ಮುಖ್ಯಸ್ಥ ನನ್ನ ಹಳೆಯ ವಿದ್ಯಾರ್ಥಿ. ಅವನು ಮೈಕಿನ ಮುಂದೆ ನಿಂತು ಹೇಳಿದ:

"ನಮ್ಮ ಸರ್ ಬಗ್ಗೆ ಒಂದೇ ಮಾತು ಹೇಳ್ತೀನಿ. ಇವತ್ತು ಸೆಮಿನಾರ್‌ಗಳಲ್ಲಿ ಯಾರೂ ಯಾರ ಪೇಪರ್‌ನೂ ಓದಲ್ಲ. ಸರ್ ಮಾತ್ರ ಓದದೆ ಒಂದು ದಿನಾನೂ ಬಾಯಿ ಬಿಟ್ಟೋರಲ್ಲ."

ಚಪ್ಪಾಳೆ ಬಿತ್ತು. ಮೂರನೆಯ ಸಾಲಿನಲ್ಲಿ ಕೂತಿದ್ದ ಒಬ್ಬ ಅಧ್ಯಾಪಕಿಯೂ ಚಪ್ಪಾಳೆ ತಟ್ಟಿದರು. ನನ್ನ ಜೊತೆ ಅದೇ ವಿಭಾಗದಲ್ಲಿ ಬಹಳ ವರ್ಷ ಕೆಲಸ ಮಾಡಿದವರು, ನನಗಿಂತ ಹನ್ನೆರಡು ವರ್ಷ ಚಿಕ್ಕವರು, ನಿವೃತ್ತಿಗೆ ಇನ್ನು ಕೆಲವೇ ತಿಂಗಳು ಉಳಿದಿತ್ತು. ಬೇರೆಯವರು ಪದ್ಧತಿಗೆಂದು ತಟ್ಟಿದರು. ಆಕೆ ಮಾತ್ರ ಹೌದೌದು ಎಂಬಂತೆ ತಲೆಯಾಡಿಸುತ್ತ ತಟ್ಟಿದರು. ನನಗೆ ಕೊರಳಿನ ಹಾರ ಒಮ್ಮೆಗೇ ಭಾರವಾಯಿತು. ಆ ಮಾತು ಸುಳ್ಳೆಂದು ಆ ಹಾಲ್‌ನಲ್ಲಿ ಗೊತ್ತಿದ್ದವನು ನಾನೊಬ್ಬನೇ. ಒಂದೇ ಒಂದು ಸಲ ನಾನು ಓದದೆ ಬಾಯಿ ಬಿಟ್ಟಿದ್ದೆ, ಮತ್ತು ಅದು ಆಕೆಯ ಪ್ರಬಂಧದ ಮೇಲೆ.

ಅರ್ಥಶಾಸ್ತ್ರದವರ ಸೆಮಿನಾರ್ ನೋಡಿಲ್ಲದವರಿಗೆ ಸ್ವಲ್ಪ ಹೇಳಬೇಕು. ಕೊರತೆ ಇರುವುದನ್ನು ಹೇಗೆ ಹಂಚಬೇಕು ಎಂಬುದೇ ನಮ್ಮ ಶಾಸ್ತ್ರದ ತಿರುಳು. ಸೆಮಿನಾರ್‌ನಲ್ಲಿ ಕೊರತೆ ಇರುವುದು ಸಮಯಕ್ಕೆ, ಅದನ್ನು ನಮ್ಮಷ್ಟು ಕೆಟ್ಟದಾಗಿ ಹಂಚುವವರು ಲೋಕದಲ್ಲಿ ಇನ್ನೊಬ್ಬರಿಲ್ಲ. ಹೇಳೋದು ವೇದಾಂತ, ತಿನ್ನೋದು ಬದನೆಕಾಯಿ. ಕಾರ್ಡಿನಲ್ಲಿ ಹತ್ತು ಗಂಟೆಗೆ ಉದ್ಘಾಟನೆ ಎಂದಿದ್ದರೆ ಮುಖ್ಯ ಅತಿಥಿ ಹನ್ನೊಂದಕ್ಕೆ ಬರುತ್ತಾರೆ. ಪ್ರಾರ್ಥನೆ, ದೀಪ, ಸ್ವಾಗತ, ಪ್ರಾಸ್ತಾವಿಕ, ವೇದಿಕೆಯ ಮೇಲಿರುವ ಎಲ್ಲರಿಗೂ ಹಾರ, ಹಾರ ಹಾಕುವವರ ಹೆಸರು ಕೂಗುವುದು, ಕೊನೆಗೆ ಗುಂಪು ಫೋಟೋ. ಅಷ್ಟರಲ್ಲಿ ಊಟದ ಹೊತ್ತು. ಊರೂರಿನಿಂದ ಬಸ್ಸು ಹತ್ತಿ ಬಂದು, ಉಪ್ಪಾರಪೇಟೆಯ ಲಾಡ್ಜಿನಲ್ಲಿ ಮುಖ ತೊಳೆದು, ಇಸ್ತ್ರಿ ಶರ್ಟು ಹಾಕಿಕೊಂಡು ಬಂದ ಅಧ್ಯಾಪಕರಿಗೆ ಪ್ರಬಂಧ ಮಂಡಿಸಲು ಹತ್ತು ನಿಮಿಷ. ಊಟ ತಡವಾದರೆ ಆರು. ಅವರು ಪೀಠಿಕೆ ಮುಗಿಸುವುದರೊಳಗೆ ಗೋಷ್ಠಿಯ ಅಧ್ಯಕ್ಷರು ಒಂದು ಚೀಟಿ ಜಾರಿಸುತ್ತಾರೆ. ಅದರಲ್ಲಿ 'ಎರಡು ನಿಮಿಷ' ಎಂದು ಬರೆದಿರುತ್ತದೆ. ಸರ್ಟಿಫಿಕೇಟು ಕೊಡುವುದು ಮಾತ್ರ ಸಂಜೆ, ಏಕೆಂದರೆ ಮೊದಲೇ ಕೊಟ್ಟರೆ ಹಾಲ್ ಖಾಲಿ.

ಈ ಸಂತೆಯಲ್ಲಿ ನನಗೊಂದು ಹೆಸರಿತ್ತು. ನಾನು ಡಿಸ್ಕಸೆಂಟ್. ಅಂದರೆ ಇನ್ನೊಬ್ಬರ ಪ್ರಬಂಧವನ್ನು ಮೊದಲೇ ಪೂರ್ತಿ ಓದಿಕೊಂಡು ಬಂದು, ಅವರು ಮಂಡಿಸಿದ ಮೇಲೆ ಅದರ ಗಟ್ಟಿ ಯಾವುದು ಜೊಳ್ಳು ಯಾವುದು ಎಂದು ಸಭೆಗೆ ಹೇಳುವವನು. ಹೆಚ್ಚಿನವರು ವೇದಿಕೆಯ ಮೇಲೆ ಕೂತು ಮೊದಲ ಸಲ ಪುಟ ತಿರುವುತ್ತಾರೆ. ನಾನು ವಾರದ ಮೊದಲೇ ಪೆನ್ಸಿಲ್ ಹಿಡಿದು ಕೂರುತ್ತಿದ್ದೆ. "ಮನೆಗೆ ಬಂದ ಲೈಟ್ ಬಿಲ್ ಓದಲ್ಲ, ಯಾರ್ದೋ ಊರಿನ ಶೇಂಗಾ ಮಾರುಕಟ್ಟೆ ಬಗ್ಗೆ ರಾಮಾಯಣ ಓದ್ತಾ ಕೂತಿರ್ತೀರಾ" ಎಂದು ಹೆಂಡತಿ ಬಯ್ಯುತ್ತಿದ್ದಳು. ಓದುತ್ತಿದ್ದದ್ದು ನಿಜ. ಆದರೆ ಓದುತ್ತಿದ್ದದ್ದು ಬರೆದವರ ಮೇಲಿನ ಪ್ರೀತಿಗಲ್ಲ. ತೂತು ಹುಡುಕುವುದಕ್ಕೆ. ತೂತು ಸಿಕ್ಕರೆ ಒಂದೇ ಪ್ರಶ್ನೆಯಲ್ಲಿ ದೋಣಿ ಮುಳುಗಿಸುವುದು ನನಗೆ ಒಲಿದ ವಿದ್ಯೆಯಾಗಿತ್ತು. ಜನ ನಗುತ್ತಿದ್ದರು, ಆ ನಗು ನನಗೆ ರುಚಿ ಹತ್ತಿತ್ತು. ಈಗ ಹೇಳಿಕೊಳ್ಳಲು ನಾಚಿಕೆಯಾಗುತ್ತದೆ, ಆದರೂ ಹೇಳದೆ ಈ ಕಥೆ ಮುಂದೆ ಹೋಗುವುದಿಲ್ಲ.

ಹದಿನೈದು ವರ್ಷದ ಹಿಂದಿನ ಮಾತು. ನಮ್ಮದೇ ಕಾಲೇಜಿನಲ್ಲಿ ಅಸಂಘಟಿತ ದುಡಿಮೆಯ ಬಗ್ಗೆ ಸೆಮಿನಾರ್ ಗೊತ್ತಾಯಿತು. ವಾರ ಮೊದಲು ಆ ಅಧ್ಯಾಪಕಿ ಸ್ಟಾಫ್ ರೂಮಿನಲ್ಲಿ ನನ್ನ ಮೇಜಿನ ಹತ್ತಿರ ಬಂದು, ಸ್ಟೇಪಲ್ ಮಾಡಿದ ಇಪ್ಪತ್ತೆರಡು ಪುಟ ಇಟ್ಟರು. ಚಾಮರಾಜಪೇಟೆಯ ವಠಾರಗಳಲ್ಲಿ ಮನೆಯಲ್ಲೇ ಕೂತು ಹೂವು ಕಟ್ಟಿಕೊಡುವ ಹೆಂಗಸರ ಕೂಲಿಯ ಬಗ್ಗೆ ಬರೆದ ಪ್ರಬಂಧ. ಎರಡು ವರ್ಷ ದಿನಾ ಕಾಲೇಜು ಬಿಟ್ಟ ಮೇಲೆ ಮನೆಮನೆಗೆ ಹೋಗಿ ಮಾಡಿದ ಕೆಲಸ ಎಂದು ನನಗೂ ಗೊತ್ತಿತ್ತು. ಬರೆದದ್ದು ಕನ್ನಡದಲ್ಲಿ, ಮಂಡಿಸುವುದೂ ಕನ್ನಡದಲ್ಲೇ ಎಂದರು. ಆಗ ನಮ್ಮ ಸೆಮಿನಾರ್‌ಗಳಲ್ಲಿ ಕನ್ನಡ ಎಂದರೆ ಪ್ರಾರ್ಥನೆ ಮತ್ತು ವಂದನಾರ್ಪಣೆ ಮಾತ್ರ.

"ಈ ಪೇಪರ್‌ಗೆ ನೀವೇ ಡಿಸ್ಕಸೆಂಟ್ ಅಂತೆ ಸರ್. ಪೂರ್ತಿ ಓದ್ಬಿಟ್ಟು ಬೈರಿ, ಪರವಾಗಿಲ್ಲ" ಎಂದರು. "ನಿಮಗೆ ಸರಿ ಅನ್ಸಿದ್ರೆ ಇದನ್ನೇ ಬೆಳೆಸಿ ಪಿಎಚ್‌.ಡಿ.ಗೆ ರಿಜಿಸ್ಟರ್ ಮಾಡ್ಸೋಣ ಅಂತಿದೀನಿ."

"ಓದ್ತೀನಿ ಬಿಡಿ" ಎಂದೆ.

ಓದಲಿಲ್ಲ. ಆ ಸಲ ದೆಹಲಿಯಿಂದ ಒಬ್ಬ ದೊಡ್ಡ ಪ್ರೊಫೆಸರ್ ಬರುವವರಿದ್ದರು. ಬೆಳಗಿನ ಗೋಷ್ಠಿಯಲ್ಲಿ ನನ್ನದೂ ಒಂದು ಪ್ರಬಂಧವಿತ್ತು, ಅವರ ಎದುರಿಗೆ. ಇಡೀ ವಾರ ನನ್ನ ಇಂಗ್ಲಿಷಿಗೆ ಪಾಲಿಶ್ ಹಾಕುವುದರಲ್ಲಿ ಕಳೆದೆ. ಹೂವಿನ ಪ್ರಬಂಧ ಬ್ಯಾಗಿನಲ್ಲೇ ಉಳಿಯಿತು. ಅದನ್ನು ಹೊರಗೆ ತೆಗೆದದ್ದು ಸೆಮಿನಾರ್ ದಿನ, ಸ್ವಾಗತ ಭಾಷಣ ನಡೆಯುತ್ತಿದ್ದಾಗ. ಮೊದಲ ಪುಟದ ಸಾರಾಂಶ ಓದಿದೆ. ಅಲ್ಲಿಂದ ನೇರ ಕೊನೆಗೆ ಹಾರಿ ಕೋಷ್ಟಕಗಳನ್ನು ನೋಡಿದೆ. ಇದು ನಮ್ಮವರಿಗೆ ಇರುವ ರೋಗ. ಅಂಕಿಯ ಚೌಕ ಕಂಡರೆ ಸಾಕು, ಪ್ರಬಂಧವೇ ತಿಳಿದುಹೋಯಿತು ಎಂದುಕೊಳ್ಳುತ್ತೇವೆ. ಒಂದು ಕೋಷ್ಟಕದ ತಲೆಯ ಮೇಲೆ, ದಿನಕ್ಕೆ ಕಟ್ಟಿದ ಹೂವು ಎಷ್ಟು ಮಾರು ಎಂದು ಬರೆದಿತ್ತು. ಮಾರು ಎಂದರೆ ಎರಡೂ ಕೈಗಳನ್ನು ಅಗಲಿಸಿ ಚಾಚಿದಾಗ ಈ ಬೆರಳ ತುದಿಯಿಂದ ಆ ಬೆರಳ ತುದಿಗೆ ಆಗುವ ಉದ್ದ. ಅಂಥ ಅಳತೆಯನ್ನು ತಂದು ಕೋಷ್ಟಕದಲ್ಲಿ ಇಟ್ಟಿದ್ದಾರಲ್ಲ! ಸಿಕ್ಕಿತು ತೂತು ಎಂದುಕೊಂಡೆ. ಪೆನ್ಸಿಲ್‌ನಲ್ಲಿ ಅದರ ಪಕ್ಕ 'ಯಾರ ಮಾರು?' ಎಂದು ಬರೆದು, ಪ್ರಬಂಧ ಮುಚ್ಚಿ, ಮತ್ತೆ ನನ್ನ ಇಂಗ್ಲಿಷಿಗೆ ವಾಪಸಾದೆ.

ಆಕೆಯ ಸರದಿ ಬಂದದ್ದು ಬಿಸಿಬೇಳೆಬಾತ್ ಊಟದ ಮೇಲೆ. ಅರ್ಧ ಸಭೆ ತೂಕಡಿಸುತ್ತಿತ್ತು. ಗೋಷ್ಠಿಯ ಅಧ್ಯಕ್ಷರು ನಿವೃತ್ತ ಪ್ರೊಫೆಸರ್, ಆರು ಅಡಿ ಮೀರಿದ ಆಳು, ಮೈಕನ್ನು ಮೇಲೆತ್ತಿಕೊಂಡೇ ಮಾತಾಡಬೇಕು. ದೆಹಲಿಯವರಿಗೆ ವಿಮಾನದ ಹೊತ್ತಾಗುತ್ತಿತ್ತೆಂದು ಎಲ್ಲರ ಹತ್ತು ನಿಮಿಷವನ್ನೂ ಆರಕ್ಕೆ ಇಳಿಸಿದರು. ಆಕೆ ಹಸಿರು ಅಂಚಿನ ಸೀರೆ ಉಟ್ಟು ಬಂದಿದ್ದರು. "ಕನ್ನಡದಲ್ಲಿ ಮಾತಾಡ್ತೀನಿ, ಕ್ಷಮಿಸಬೇಕು" ಎಂದು ಶುರು ಮಾಡಿದರು. ವಠಾರಗಳ ಬಗ್ಗೆ ಹೇಳಿದರು, ಬೆಳಗ್ಗೆ ಬಿಡಿ ಹೂವು ಮತ್ತು ನಾರು ತಂದುಕೊಟ್ಟು ಮಧ್ಯಾಹ್ನ ಕಟ್ಟಿದ ಹೂವು ಒಯ್ಯುವ ವ್ಯಾಪಾರಿಗಳ ಬಗ್ಗೆ ಹೇಳಿದರು. ಅಳತೆಯ ಮಾತಿಗೆ ಬಂದರು ಎನ್ನುವಾಗ ಚೀಟಿ ಜಾರಿತು.

"ಅಳತೆ ವಿಷಯಾನೇ ಮುಖ್ಯ ಸರ್, ಅದೊಂದು ಹೇಳ್ಬಿಡ್ತೀನಿ" ಎಂದು ಅಧ್ಯಕ್ಷರನ್ನು ಕೇಳಿಕೊಂಡರು.

"ಡಿಸ್ಕಸೆಂಟ್ ಪೂರ್ತಿ ಓದಿದಾರಲ್ಲ ಮೇಡಂ, ಅವ್ರು ಹೇಳ್ತಾರೆ ಬಿಡಿ" ಎಂದರು ಅಧ್ಯಕ್ಷರು.

ಆಕೆ ನನ್ನ ಕಡೆ ನೋಡಿದರು. ಸಣ್ಣಗೆ ನಕ್ಕು, ಹಾಗಾದರೆ ಸರಿ ಎನ್ನುವಂತೆ ಕಾಗದಗಳನ್ನು ಜೋಡಿಸಿಕೊಂಡು ಕೂತರು. ಆ ಮುಖದಲ್ಲಿದ್ದ ನಿಶ್ಚಿಂತೆಯನ್ನು ನಾನು ಆಗ ನೋಡಿಯೂ ನೋಡಲಿಲ್ಲ.

ನಾನು ಎದ್ದೆ. "ಮೇಡಂ ಹೂವನ್ನು ಮಾರಿನಲ್ಲಿ ಅಳೆದಿದ್ದಾರೆ. ನನ್ನದು ಒಂದೇ ಪ್ರಶ್ನೆ. ಯಾರ ಮಾರು? ಮೇಡಂದೋ, ಹೂವಾಡಗಿತ್ತಿಯದೋ, ಇಲ್ಲ ನಮ್ಮ ಅಧ್ಯಕ್ಷರದೋ? ಅಧ್ಯಕ್ಷರ ಕೈಯಲ್ಲೇನಾದರೂ ಅಳೆದರೆ ಚಾಮರಾಜಪೇಟೆಯ ಬಡತನ ಒಂದೇ ದಿನದಲ್ಲಿ ಎರಡರಷ್ಟಾಗುತ್ತದೆ!"

ಅಧ್ಯಕ್ಷರೂ ರಸಿಕರು. ಎದ್ದು ನಿಂತು ತಮ್ಮ ಉದ್ದನೆಯ ಎರಡೂ ಕೈ ಚಾಚಿ ತೋರಿಸಿದರು. ತೂಕಡಿಸುತ್ತಿದ್ದವರೂ ಎದ್ದು ಕೂತು ನಕ್ಕರು. ದೆಹಲಿಯವರಿಗೆ ಪಕ್ಕದವರು ಇಂಗ್ಲಿಷಿನಲ್ಲಿ ಹೇಳಿ ಅರ್ಥ ಮಾಡಿಸಿದರು. ಅವರು ತಡವಾಗಿ ನಕ್ಕರು, ಅವರು ನಕ್ಕರೆಂದು ಸಭೆ ಇನ್ನೊಂದು ಸಲ ನಕ್ಕಿತು. ನಾನು ಅಷ್ಟಕ್ಕೇ ಬಿಡಲಿಲ್ಲ. "ಅಳತೆಗೋಲೇ ಇಲ್ಲದ ಮೇಲೆ ಪ್ರಬಂಧದಲ್ಲಿ ಉಳಿಯುವುದೇನು?" ಎಂದು ಹೇಳಿ ಕೂತೆ.

ಆಕೆ ಏನೋ ಹೇಳಿದರು. ಮೈಕು ಆಗಲೇ ಅಧ್ಯಕ್ಷರ ಕೈಗೆ ಹೋಗಿತ್ತು. ತುಟಿ ಅಲ್ಲಾಡಿದ್ದು ನನಗೆ ಕಂಡಿತು, ಪಕ್ಕದಲ್ಲೇ ಇದ್ದದ್ದರಿಂದ ಕೇಳಿಸಿತು ಕೂಡ: "ಏಳನೇ ಪುಟ, ಸರ್." ಕೇಳಿಸದವನಂತೆ ನಾನು ನೀರಿನ ಬಾಟಲಿಯ ಮುಚ್ಚಳ ತಿರುಗಿಸಿದೆ. ಅಧ್ಯಕ್ಷರು ಮುಂದಿನ ಹೆಸರು ಕರೆದರು.

ಕೊನೆಯ ಸಾಲಿನಲ್ಲಿ ವಯಸ್ಸಾದ ಹೆಂಗಸೊಬ್ಬರು ತೊಡೆಯ ಮೇಲೆ ಬಟ್ಟೆಯ ಚೀಲ ಇಟ್ಟುಕೊಂಡು ಕೂತಿದ್ದರು. ಹಾಲ್‌ನಲ್ಲಿ ನಗದೆ ಇದ್ದವರು ಅವರೊಬ್ಬರೇ ಎಂಬುದು ನನಗೆ ಯಾಕೋ ನೆನಪಿದೆ. ಸೆಮಿನಾರ್ ಊಟಕ್ಕೆಂದು ಬೀದಿಯವರೂ ಒಬ್ಬಿಬ್ಬರು ಬಂದು ಕೂರುವುದುಂಟು. ಇವರೂ ಹಾಗೆ ಬಂದವರಿರಬೇಕು ಎಂದು ಪಕ್ಕದವರಿಗೆ ಹೇಳಿದೆ.

ಅಂದು ಸಂಜೆ ದೆಹಲಿಯವರು ಕಾರು ಹತ್ತುವ ಮೊದಲು ನನ್ನ ಕೈ ಕುಲುಕಿ, ತಮ್ಮಲ್ಲಿಯ ಸಮ್ಮೇಳನಕ್ಕೆ ಬರಬೇಕೆಂದು ಕರೆದರು. ಆರು ತಿಂಗಳ ಮೇಲೆ ನಾನು ಮೊದಲ ಸಲ ವಿಮಾನ ಹತ್ತಿದೆ. ಅಲ್ಲಿ ನಾನು ಮಂಡಿಸಿದ್ದು ಯಾರಿಗೂ ನೆನಪಿಲ್ಲ, ನನಗೂ ಇಲ್ಲ. ಅಲ್ಲಿ ಕೊಟ್ಟ ಬ್ಯಾಗಿನಲ್ಲಿ ಹೆಂಡತಿ ಬಹಳ ದಿನ ತರಕಾರಿ ತಂದಳು.

ಸೆಮಿನಾರ್ ಪ್ರಬಂಧಗಳನ್ನು ಪುಸ್ತಕ ಮಾಡುವಾಗ ಆಕೆ ತಮ್ಮದನ್ನು ವಾಪಸು ಪಡೆದರು. ಯಾಕೆಂದು ನಾನೇ ಕೇಳಿದೆ, ಎಂಥ ಧೈರ್ಯ ನೋಡಿ. "ಬೇಡ ಸರ್, ಅದ್ರಲ್ಲಿ ಏನೂ ಇಲ್ಲ. ನೀವೇ ಹೇಳಿದ್ರಲ್ಲ" ಎಂದರು. ಮಾತಿನಲ್ಲಿ ಕೊಂಕಿರಲಿಲ್ಲ. ಕೊಂಕಿದ್ದಿದ್ದರೆ ನಾನೂ ಒಂದು ಜಗಳ ಮಾಡಿ ಹಗುರಾಗುತ್ತಿದ್ದೆ. "ಸ್ವಲ್ಪ ರಿವೈಸ್ ಮಾಡಿ ನೋಡಿ" ಎಂದು ಆಫೀಸಿನವರ ಧಾಟಿಯಲ್ಲಿ ಹೇಳಿ ಕ್ಲಾಸಿಗೆ ಹೋದೆ. ಆ ದಿನವಾದರೂ ಮನೆಗೆ ಹೋಗಿ ಏಳನೆಯ ಪುಟ ತೆರೆಯಬಹುದಿತ್ತು. ಪ್ರಬಂಧ ನನ್ನ ಕಪಾಟಿನಲ್ಲೇ ಇತ್ತು. ತೆರೆಯಲಿಲ್ಲ. ಓದಿದರೆ ನನ್ನ ತಪ್ಪು ನನಗೆ ಗೊತ್ತಾಗಿಬಿಡುತ್ತಿತ್ತು. ಓದದಿದ್ದರೆ ಅದು ಬರೀ ಅನುಮಾನ, ಅನುಮಾನವನ್ನು ಇಟ್ಟುಕೊಂಡು ಎಷ್ಟು ವರ್ಷ ಬೇಕಾದರೂ ಉಂಡು ಮಲಗಬಹುದು.

ಪಿಎಚ್‌.ಡಿ. ಮಾತು ಮತ್ತೆ ಬರಲಿಲ್ಲ. ಆಕೆ ಟೈಮ್‌ಟೇಬಲ್ ಹಾಕಿದರು, ಪರೀಕ್ಷೆಯ ಕೊಠಡಿಗಳನ್ನು ನೋಡಿಕೊಂಡರು, ಹುಡುಗಿಯರ ಶಿಬಿರಗಳಿಗೆ ಹೋಗಿಬಂದರು. ಆಮೇಲಿನ ಪ್ರತಿ ಸೆಮಿನಾರ್‌ನಲ್ಲೂ ಬಾಗಿಲ ಹತ್ತಿರದ ರಿಜಿಸ್ಟ್ರೇಷನ್ ಮೇಜು ಆಕೆಯದು. ಬಂದವರಿಗೆ ಬ್ಯಾಗು, ಪೆನ್ನು, ಊಟದ ಕೂಪನ್ನು ಕೊಡುವ ಕೆಲಸ. ನನ್ನ ಬ್ಯಾಡ್ಜನ್ನು ಪ್ರತಿ ಸಲ ಹುಡುಕಿ ತೆಗೆದುಕೊಟ್ಟವರೂ ಆಕೆಯೇ. ನಾನು ಅದನ್ನು ಜೇಬಿಗೆ ಸಿಕ್ಕಿಸಿಕೊಂಡು ಒಳಗೆ ಹೋಗಿ ಇನ್ನೊಬ್ಬರ ತೂತು ಹುಡುಕುತ್ತಿದ್ದೆ.

ಸನ್ಮಾನದ ಮರುದಿನ ಮಧ್ಯಾಹ್ನ ಕಪಾಟು ತೆಗೆದೆ. ಹುಡುಕಲು ಕಷ್ಟವಾಗಲಿಲ್ಲ. ಎಲ್ಲಿದೆ ಎಂದು ನನಗೆ ಇಷ್ಟು ವರ್ಷವೂ ಗೊತ್ತಿತ್ತು. ಮೊದಲ ಪುಟದ ಮೂಲೆ ಮಾತ್ರ ಮಡಿಸಿತ್ತು. ನಡುವಿನ ಪುಟಗಳು ಒಂದಕ್ಕೊಂದು ಅಂಟಿಕೊಂಡಿದ್ದವು, ಬಿಡಿಸುವಾಗ ಚರ್ ಎಂದವು. ನೇರ ಏಳನೆಯ ಪುಟಕ್ಕೆ ಹೋಗಬೇಕೆನಿಸಿತು. ಹಾಗೆ ಹಾರಿದ್ದೇ ಅಲ್ಲವೇ ತಪ್ಪು ಎಂದುಕೊಂಡು ಮೊದಲಿನಿಂದ ಓದಿದೆ.

ಏಳನೆಯ ಪುಟದ ಮೊದಲ ವಾಕ್ಯ ಹೀಗಿತ್ತು: ಹೂವನ್ನು ಮಾರಿನಲ್ಲಿ ಅಳೆಯುತ್ತಾರೆ, ಆದರೆ ಯಾರ ಮಾರು?

ನನ್ನ ಪ್ರಶ್ನೆ ನನ್ನದಾಗಿರಲಿಲ್ಲ. ಅದು ಆಕೆಯದು, ಆ ಪ್ರಬಂಧ ಹುಟ್ಟಿದ್ದೇ ಆ ಪ್ರಶ್ನೆಯಿಂದ. ಆಕೆ ಟೈಲರ್ ಟೇಪು ಹಿಡಿದು ವ್ಯಾಪಾರಿಗಳ ಕೈಯನ್ನೂ ಕಟ್ಟುವ ಹೆಂಗಸರ ಕೈಯನ್ನೂ ಅಳೆದಿದ್ದರು. ಕೂಲಿ ಮಾರಿಗಿಷ್ಟು ಎಂದಾದ್ದರಿಂದ ವ್ಯಾಪಾರಿಗಳು ಹೆಂಗಸರಿಂದ ಹೂವು ತೆಗೆದುಕೊಳ್ಳುವಾಗ ಅಳೆಯಲು ಉದ್ದ ಕೈಯವನನ್ನು ನಿಲ್ಲಿಸುತ್ತಾರೆ, ಗಿರಾಕಿಗೆ ಕೊಡುವಾಗ ಗಿಡ್ಡ ಕೈಯವನನ್ನು ಕೂರಿಸುತ್ತಾರೆ ಎಂದು ಕಂಡುಕೊಂಡಿದ್ದರು. ಹೆಂಗಸರೇನು ದಡ್ಡರಲ್ಲ. ಉದ್ದ ಕೈಯವನು ಬರುವ ದಿನ ಹೂವಿನ ನಡುವೆ ನಾರು ಬಿಟ್ಟು ಸಡಿಲ ಕಟ್ಟುತ್ತಾರೆ, ನ್ಯಾಯವಾಗಿ ಅಳೆಯುವವನಿಗೆ ಒತ್ತಾಗಿ ಕಟ್ಟುತ್ತಾರೆ. ಕೊನೆಗೆ ಮೋಸ ಹೋಗುವವಳು ಮುಡಿಯುವವಳು. ಕೂಲಿಯ ದರ ಎಷ್ಟೋ ಕಾಲದಿಂದ ಯಾಕೆ ಅಲ್ಲಾಡಿಲ್ಲ ಎಂಬುದಕ್ಕೆ ನಮ್ಮಲ್ಲಿ ದೊಡ್ಡ ದೊಡ್ಡ ಸಿದ್ಧಾಂತಗಳಿವೆ. ಆಕೆ ಎರಡು ಸಾಲಿನಲ್ಲಿ ಬರೆದಿದ್ದರು: ಇಲ್ಲಿ ಚೌಕಾಸಿ ದರದ ಮೇಲೆ ನಡೆಯುವುದಿಲ್ಲ, ಕೈಯ ಮೇಲೆ ನಡೆಯುತ್ತದೆ. ದರ ನೋಡುವವರಿಗೆ ಆ ಜಗಳ ಕಾಣುವುದೇ ಇಲ್ಲ.

ಮೂವತ್ತು ವರ್ಷದಲ್ಲಿ ನಾನು ಡಿಸ್ಕಸೆಂಟ್ ಆಗಿ ಓದಿದ ಪ್ರಬಂಧಗಳಲ್ಲಿ ಇಷ್ಟು ಒಳ್ಳೆಯದು ಇನ್ನೊಂದಿರಲಿಲ್ಲ. ಕೊನೆಯ ಕೋಷ್ಟಕದ ಪಕ್ಕದಲ್ಲಿ ನನ್ನ ಪೆನ್ಸಿಲ್ ಅಕ್ಷರ ಹಾಗೇ ಇತ್ತು. ಅಳಿಸಲು ರಬ್ಬರ್ ಹುಡುಕಿದೆ, ಆಮೇಲೆ ಬೇಡವೆಂದು ಬಿಟ್ಟೆ. ಮೂರು ಗಂಟೆಗೆ ಓದಲು ಕೂತಿದ್ದೆ. ಹೆಂಡತಿ ಕಾಫಿಗೆ ಕರೆದಾಗ ಮೂರೂ ನಲವತ್ತು. ಕುಂಬಾರನಿಗೆ ವರುಷ, ದೊಣ್ಣೆಗೆ ನಿಮಿಷ ಎಂಬ ಗಾದೆಯನ್ನು ನಾನೇ ಕ್ಲಾಸಿನಲ್ಲಿ ಎಷ್ಟೋ ಸಲ ಹೇಳಿದ್ದೇನೆ. ದೊಣ್ಣೆ ನಾನಾಗಿರುತ್ತೇನೆ ಎಂದು ಯಾವತ್ತೂ ಅನಿಸಿರಲಿಲ್ಲ.

ಆಕೆಯ ಮನೆಗೆ ಹೋಗಲು ಇನ್ನೂ ಮೂರು ವಾರ ಬೇಕಾಯಿತು. ಮಂಡಿ ನೋವು, ಮದುವೆ ಮನೆ, ಮಳೆ, ಹೀಗೆ ನೆಪಗಳಿಗೆ ಕೊರತೆಯಿರಲಿಲ್ಲ. ಕೊನೆಗೊಂದು ಭಾನುವಾರ ಬೆಳಗ್ಗೆ ಪ್ರಬಂಧವನ್ನು ಚೀಲದಲ್ಲಿಟ್ಟುಕೊಂಡು ಗಾಂಧಿ ಬಜಾರಿನ ಮೇಲೆ ನಡೆದು ಹೊರಟೆ. ಹೂವಿನವರು ಸಾಲಾಗಿ ಕೂತು ಮೊಳ ಹಾಕುತ್ತಿದ್ದರು. ಅವರ ಕೈಗಳನ್ನೇ ನೋಡುತ್ತ ಹೋದೆ. ಇಷ್ಟು ವರ್ಷ ಅದೇ ರಸ್ತೆಯಲ್ಲಿ ಓಡಾಡಿದರೂ ಅವರ ಕೈ ನೋಡಿದ್ದು ಅವತ್ತೇ ಮೊದಲು.

ಚಾಮರಾಜಪೇಟೆಯಲ್ಲಿ ಆಕೆಯದು ಹಳೆಯ ಮನೆಯ ಕೆಳಗಿನ ಭಾಗ. ಬಾಗಿಲು ತೆಗೆದವರೇ, "ಅಯ್ಯೋ ಸರ್, ಬನ್ನಿ ಬನ್ನಿ! ಒಂದು ಫೋನ್ ಮಾಡಿದ್ರೆ ನಾನೇ ಬರ್ತಿದ್ನಲ್ಲ" ಎಂದರು. ಮುಂದಿನ ಕೋಣೆಯಲ್ಲಿ ಕೂರಿಸಿದರು. ಒಳಗಿನ ಕೋಣೆಯ ಬಾಗಿಲು ತೆರೆದಿತ್ತು. ಮಂಚದ ಮೇಲೆ ಬಹಳ ವಯಸ್ಸಾದ ಹೆಂಗಸೊಬ್ಬರು ಗೋಡೆಗೆ ಒರಗಿ ಕೂತಿದ್ದರು. "ಅಮ್ಮ. ಈಗ ಕಿವಿ ಮಂದ, ಮರೆವೂ ಜಾಸ್ತಿ" ಎಂದರು ಆಕೆ.

ನಾನು ಪೀಠಿಕೆ ಹಾಕಲಿಲ್ಲ. ಪ್ರಬಂಧ ತೆಗೆದು ಟೀಪಾಯಿಯ ಮೇಲಿಟ್ಟೆ. ಆಕೆ ಎತ್ತಿಕೊಂಡು ಮೊದಲ ಪುಟ ನೋಡಿ ನಕ್ಕರು.

"ಇದನ್ನ ಇನ್ನೂ ಇಟ್ಕೊಂಡಿದೀರಾ ಸರ್? ನನ್ನ ಹತ್ರಾನೇ ಇಲ್ಲ. ಪೇಂಟ್ ಮಾಡ್ಸೋವಾಗ ರದ್ದಿಗೆ ಹಾಕ್ಬಿಟ್ಟೆ."

"ಯಾಕೆ ಹಾಕಿದ್ರಿ?"

"ಇನ್ನೇನ್ ಮಾಡ್ಲಿ ಸರ್." ಪುಟಗಳನ್ನು ಮಗುಚುತ್ತಲೇ ಹೇಳಿದರು. "ನಿಮಗೆ ಗೊತ್ತಿಲ್ಲ ಅನ್ಸತ್ತೆ. ಅವತ್ತು ಡಿಸ್ಕಸೆಂಟ್ ಬೇರೆ ಯಾರನ್ನೋ ಹಾಕಿದ್ರು. ನಾನೇ ಹೋಗಿ ಕೇಳ್ಕೊಂಡೆ, ಸರ್‌ನೇ ಹಾಕಿ, ಅವರೊಬ್ರೇ ಪೂರ್ತಿ ಓದೋದು ಅಂತ. ಬೇರೆ ಯಾರಾದ್ರೂ ನಗಿಸಿದ್ದಿದ್ರೆ ಬೇಜಾರಾಗ್ತಿತ್ತು ಅಷ್ಟೆ, ಪೇಪರ್ ಕೈಬಿಡ್ತಿರ್ಲಿಲ್ಲ. ನೀವು ಓದಿನೂ ಅಷ್ಟೇ ಹೇಳಿದ್ರಿ ಅಂದ್ಮೇಲೆ, ಅದ್ರಲ್ಲಿ ಏನೂ ಇಲ್ಲ ಅಂತ ತಾನೇ ಅರ್ಥ?"

ಆಕೆಗೆ ನನ್ನ ಮೇಲೆ ಸಿಟ್ಟಿರಬಹುದು, ಬಯ್ಯಿಸಿಕೊಂಡು ಬರೋಣ ಎಂದು ಹೋಗಿದ್ದೆ. ಇಲ್ಲಿ ನೋಡಿದರೆ ಆಕೆ ಹದಿನೈದು ವರ್ಷ ನನ್ನ ಓದನ್ನು ನಂಬಿಕೊಂಡು ತಮ್ಮ ಕೆಲಸವನ್ನೇ ಅನುಮಾನಿಸಿದ್ದರು.

"ಅಮ್ಮನ್ನೂ ಕರ್ಕೊಂಡು ಬಂದಿದ್ದೆ ಸರ್ ಅವತ್ತು" ಎಂದರು. "ಹಿಂದಿನ ಸಾಲಲ್ಲಿ ಕೂತಿದ್ರು. ಅಮ್ಮ ಹೂವು ಕಟ್ಟೇ ನಮ್ಮನ್ನ ಓದಿಸಿದ್ದು. ಮೊದಲು ಟೇಪ್ ಹಿಡಿದದ್ದೂ ಅವರ ಕೈಗೇ. ಅವ್ರಿಗೆ ಅರ್ಥ ಆಗ್ಲಿ ಅಂತಾನೇ ಕನ್ನಡದಲ್ಲಿ ಓದಿದ್ದು. ಮನೆಗೆ ಬರ್ತಾ ಕೇಳಿದ್ರು, ಎಲ್ಲಾ ಯಾಕೆ ನಕ್ರೇ ಅಂತ. ನನ್ನ ಅಳತೆ ತಪ್ಪಾಗಿತ್ತಮ್ಮ ಅಂದೆ."

ಬಟ್ಟೆಯ ಚೀಲ ತೊಡೆಯ ಮೇಲಿಟ್ಟುಕೊಂಡಿದ್ದ ಆ ಹೆಂಗಸು ನೆನಪಾದರು. ಅವರ ಬಗ್ಗೆ ನಾನು ಪಕ್ಕದವರಿಗೆ ಆಡಿದ ಮಾತೂ ನೆನಪಾಯಿತು. ಮಾತು ಆಡಿದರೆ ಹೋಯಿತು ಎನ್ನುತ್ತಾರೆ. ಅಂದು ಸಭೆಯನ್ನು ನಗಿಸಲು ನಾನಾಡಿದ್ದು ಎಲ್ಲಿಗೂ ಹೋಗಿರಲಿಲ್ಲ, ಈ ಮನೆಯಲ್ಲೇ ಇತ್ತು.

"ನಾನು ಓದಿರ್ಲಿಲ್ಲ" ಎಂದೆ.

"ಏನು ಸರ್?"

"ನಿಮ್ಮ ಪೇಪರ್ ನಾನು ಓದಿರ್ಲಿಲ್ಲ ಮೇಡಂ. ಸಾರಾಂಶ ನೋಡಿದೆ, ಕೋಷ್ಟಕ ನೋಡಿದೆ, ಎದ್ದು ಮಾತಾಡ್ದೆ. ಏಳನೇ ಪುಟ ಅಂತ ನೀವು ಹೇಳಿದ್ದು ಕೇಳಿಸ್ತು. ಕೇಳಿಸ್ಲಿಲ್ಲ ಅನ್ನೋ ಹಾಗೆ ಇದ್ಬಿಟ್ಟೆ. ಮೊನ್ನೆ ಸನ್ಮಾನ ಆದ ಮಾರನೇ ದಿನ ಓದ್ದೆ. ನನ್ನ ಸರ್ವಿಸ್‌ನಲ್ಲಿ ಇಷ್ಟು ಒಳ್ಳೇ ಪೇಪರ್ ಓದಿಲ್ಲ. ನಂದೇ ತಪ್ಪು. ಕ್ಷಮಿಸಿ ಅಂತ ಕೇಳೋಕೂ ನಾಚಿಕೆ ಆಗತ್ತೆ."

ಆಕೆಯ ಕೈ ಪುಟ ಮಗುಚುವುದನ್ನು ನಿಲ್ಲಿಸಿತು. ಬೀದಿಯಲ್ಲಿ ಆಟೋ ಒಂದು ಸ್ಟಾರ್ಟ್ ಆಗದೆ ಕೆಮ್ಮುತ್ತಿತ್ತು.

"ಓದೋಕೆ ಎಷ್ಟು ಹೊತ್ತಾಯ್ತು ಸರ್?" ಎಂದು ಕೇಳಿದರು.

ಸುಳ್ಳು ಹೇಳಬಹುದಿತ್ತು. ಎರಡು ದಿನ ಎನ್ನಬಹುದಿತ್ತು.

"ನಲವತ್ತು ನಿಮಿಷ."

"ನಲವತ್ತು ನಿಮಿಷ" ಎಂದು ಆಕೆ ತಾವೂ ಒಂದು ಸಲ ಹೇಳಿದರು. ಕಣ್ಣು ತುಂಬಿತ್ತು, ಆದರೆ ಅಳಲಿಲ್ಲ. ಬಯ್ಯಲೂ ಇಲ್ಲ. ಪ್ರಬಂಧವನ್ನು ಮಡಿಲಲ್ಲಿ ಇಟ್ಟುಕೊಂಡು, ಒಳಗಿನ ಕೋಣೆಯ ಕಡೆ ತಿರುಗಿ, ಗಟ್ಟಿಯಾಗಿ ಹೇಳಿದರು.

"ಅಮ್ಮಾ, ಅಳತೆ ಸರಿಯಾಗೇ ಇತ್ತಂತಮ್ಮ."

"ಯಾವ ಅಳತೆ?" ಎಂದರು ಒಳಗಿನಿಂದ.

ಆಕೆ ನನ್ನನ್ನು ನೋಡಿದರು. "ನೀವೇ ಹೇಳಿ ಸರ್" ಎಂದರು.

ನಾನು ಎದ್ದು ಹೋಗಿ ಮಂಚದ ಹತ್ತಿರ ನಿಂತೆ. ಬಗ್ಗಿ, ಅವರ ಕಿವಿಯ ಹತ್ತಿರ ಹೇಳಿದೆ: "ಅಮ್ಮಾ, ಹೂವಿನ ಅಳತೆ. ಮಾರು ಅಳೀತಿದ್ರಲ್ಲ, ಆ ಹೂವಿನ ವಿಷಯ ಹೇಳೋಕೆ ಬಂದೆ."

ಅವರು ನನ್ನ ಮುಖ ನೋಡಿದರು. ಆಮೇಲೆ ನನ್ನ ಕೈಗಳನ್ನು ನೋಡಿದರು, ಬಲಗೈಯನ್ನೂ ಎಡಗೈಯನ್ನೂ, ಉದ್ದ ಎಷ್ಟಿರಬಹುದು ಎಂಬಂತೆ. ತಮ್ಮ ನಡುಗುವ ಬೆರಳುಗಳನ್ನು ಎತ್ತಿ ತೋರಿಸಿ, ತಮ್ಮದೇ ತಪ್ಪು ಎನ್ನುವ ಹಾಗೆ ಹೇಳಿದರು:

"ಹೂವು ತಂದಿದೀಯಾ? ಬೇಡಪ್ಪ. ಈಗ ನನ್ನ ಕೈಲಿ ಕಟ್ಟೋಕಾಗಲ್ಲ."